ಟಿಕೆಟ್ ಕೇಳದ ಊರುಗಳು

ಜಪಾನಿನಲ್ಲಿ ಇದ್ದಷ್ಟು ದಿನವೂ ಅಕ್ಕ ಒಂದು ನೋಟ್‌ಬುಕ್ಕಿನಲ್ಲಿ ಖರ್ಚು ಬರೆದಿಟ್ಟಳು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು, ಲೆಕ್ಕ ಬರೆಯದೆ ಅವಳಿಗೆ ನಿದ್ದೆ ಬರುವುದಿಲ್ಲ. ಎಡಕ್ಕೆ ಜಾಗದ ಹೆಸರು, ಬಲಕ್ಕೆ ಯೆನ್, ಅದರ ಪಕ್ಕ ರೂಪಾಯಿ. ಒಂದು ಯೆನ್ ಅಂದರೆ ಅರ್ಧ ರೂಪಾಯಿಗಿಂತ ಸ್ವಲ್ಪ ಜಾಸ್ತಿ. ಮೈಸೂರಿಗೆ ವಾಪಸ್ ಬಂದ ಮೇಲೆ ಆ ಪುಟಗಳನ್ನು ತಿರುವುತ್ತಾ ಕೂತಿದ್ದಾಗ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ನಾವಿಬ್ಬರೂ ಈಗಲೂ ನೆನೆಸಿಕೊಂಡು ಮಾತಾಡುವ ಜಾಗಗಳ ಎದುರಿಗೆ ಹೆಚ್ಚಿನ ಕಡೆ ಬರೆದಿದ್ದು ಸೊನ್ನೆ. ಇಲ್ಲವೇ ತೀರಾ ಚಿಕ್ಕ ಮೊತ್ತ. ದೊಡ್ಡ ಮೊತ್ತಗಳೆಲ್ಲ ರೈಲಿನವು, ರಾತ್ರಿ ತಂಗಿದ್ದರವು.

ಬೆಂಗಳೂರಿನಿಂದ ಟೋಕಿಯೋದ ನರಿತಾಗೆ ನೇರ ವಿಮಾನ ಶುರುವಾದ ಮೇಲೆ ಜಪಾನಿನ ಆಸೆ ನಮ್ಮ ಸುತ್ತಮುತ್ತ ಜಾಸ್ತಿಯಾಗಿದೆ. ಕಡಿಮೆ ಖರ್ಚಿನಲ್ಲಿ ನೋಡಿಬರೋದು ಹೇಗೆ ಅಂತ ಕೇಳುವವರಿಗೆ ಅಕ್ಕನ ಸೊನ್ನೆಗಳ ಪಟ್ಟಿಯನ್ನು ಕೊಡುತ್ತೇನೆ. ಕೊಡುವಾಗೆಲ್ಲ ಒಂದು ಪ್ರಶ್ನೆ ಕೊರೆಯುತ್ತದೆ. ನಾವು ದುಡ್ಡು ಕೊಡಲಿಲ್ಲ ಅಂದರೆ ಬೇರೆ ಯಾರೋ ಕೊಟ್ಟಿದ್ದಾರೆ ಅಂತಲೇ ಅರ್ಥ ಅಲ್ವಾ? ಲಿಫ್ಟು, ಮೆಟ್ಟಿಲು, ಬಸ್ಸು, ಶುಚಿಯಾದ ಶೌಚಾಲಯ, ಇವೆಲ್ಲ ಸುಮ್ನೆ ಆದವಲ್ಲ. ಯಾರು ಕೊಟ್ಟರು, ಯಾರಿಗಾಗಿ ಕೊಟ್ಟರು ಅಂತ ಯೋಚಿಸುತ್ತಾ ಹೋದರೆ ಆ ಊರುಗಳು ನನಗೆ ಬೇರೆಯಾಗಿಯೇ ಕಾಣುತ್ತವೆ.

ಸರ್ಕಾರಿ ಕಚೇರಿಯ 45ನೇ ಮಹಡಿ

ಟೋಕಿಯೋ ಮಹಾನಗರ ಸರ್ಕಾರದ ಕಚೇರಿ ಇರುವುದು ಶಿಂಜುಕುವಿನಲ್ಲಿ. ವಾಸ್ತುಶಿಲ್ಪಿ ಕೆಂಜೋ ತಾಂಗೆ ಅದಕ್ಕೆ ಎರಡು ಗೋಪುರ ಇಟ್ಟಿದ್ದಾರೆ. ಕಟ್ಟಿ ಮುಗಿದಿದ್ದು 1990ರಲ್ಲಿ, ಎತ್ತರ 243 ಮೀಟರ್. ಅದರ 45ನೇ ಮಹಡಿಗೆ, ಅಂದರೆ ನೆಲದಿಂದ 202 ಮೀಟರ್ ಮೇಲಕ್ಕೆ, ಯಾರು ಬೇಕಾದರೂ ಹೋಗಿ ಊರು ನೋಡಬಹುದು. ಬ್ಯಾಗ್ ತೆರೆದು ತೋರಿಸಬೇಕು, ಲಿಫ್ಟ್ ಹತ್ತಬೇಕು, ಅಷ್ಟೇ. ಅಕ್ಕ ಪಾಸ್‌ಪೋರ್ಟನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ಯಾರೂ ಕೇಳಲಿಲ್ಲ. ವಿಧಾನಸೌಧವನ್ನು ರಸ್ತೆಯ ಆಚೆ ನಿಂತು ನೋಡಿಯೇ ಬೆಳೆದವರು ನಾವು. ಸರ್ಕಾರಿ ಕಟ್ಟಡದ ತುದಿಗೆ ಸೀದಾ ಹೋಗಬಹುದು ಅನ್ನೋದನ್ನು ಒಪ್ಪಿಕೊಳ್ಳಲು ಇಬ್ಬರಿಗೂ ಸ್ವಲ್ಪ ಹೊತ್ತು ಹಿಡಿಯಿತು.

ಮೇಲೆ ಹೋದರೆ ಕಿಟಕಿಗಳಾಚೆ ಕೊನೆಯೇ ಕಾಣದ ಊರು. ಚಳಿಗಾಲದ ತಿಳಿಯಾದ ಬೆಳಗ್ಗೆ ಫುಜಿ ಬೆಟ್ಟ ಕಾಣುತ್ತದೆ. ನಾವು ಹೋದ ದಿನ ಮೋಡ ಇತ್ತು. ಆದರೆ ನನ್ನ ನೆನಪಿನಲ್ಲಿ ಉಳಿದಿದ್ದು ಕಿಟಕಿಯ ಆಚೆಯದ್ದಲ್ಲ. ಆ ಮಹಡಿಯಲ್ಲಿ ಹಳದಿ ಬಣ್ಣದ ಮೇಲೆ ಕಪ್ಪು ಚುಕ್ಕೆಗಳಿರುವ ಒಂದು ದೊಡ್ಡ ಪಿಯಾನೋ ಇದೆ. ಕಲಾವಿದೆ ಯಾಯೋಯಿ ಕುಸಾಮಾ ಅವರ ವಿನ್ಯಾಸ, 2019ರಿಂದ ಅಲ್ಲಿದೆ. ಬಂದವರು ಯಾರಾದರೂ ನುಡಿಸಬಹುದು. ಸೂಟು ಹಾಕಿದ ಒಬ್ಬ ಹಿರಿಯರು, ಕಾಲ ಬಳಿ ಕಚೇರಿಯ ಬ್ಯಾಗ್ ಇಟ್ಟುಕೊಂಡು, ಏನೋ ನಿಧಾನವಾದದ್ದನ್ನು ನುಡಿಸಿದರು. ನಡುವೆ ತಪ್ಪಿದರು, ನಿಲ್ಲಿಸಿದರು, ಅದೇ ಜಾಗದಿಂದ ಮತ್ತೆ ಶುರು ಮಾಡಿದರು. ಅವರ ಹಿಂದೆ ಒಂದು ಹುಡುಗಿ ಅಮ್ಮನ ಕೈ ಹಿಡಿದು ಸರದಿಗೆ ಕಾಯುತ್ತಿದ್ದಳು. ಮುಗಿದಾಗ ನಿಂತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅವರು ಎಲ್ಲರಿಗೂ ಬಾಗಿ ನಮಸ್ಕಾರ ಮಾಡಿ, ಬ್ಯಾಗ್ ಎತ್ತಿಕೊಂಡು ಲಿಫ್ಟಿನ ಕಡೆ ಹೋದರು. ಊಟದ ವಿರಾಮಕ್ಕೆ ಬಂದವರಿರಬೇಕು.

ಜಪಾನಿನಲ್ಲಿ ದುಡ್ಡು ಹೊಳೆಯಂತೆ ಹರಿಯುತ್ತಿದ್ದ ಕಾಲದಲ್ಲಿ ಎದ್ದ ಕಟ್ಟಡ ಅದು. ತೆರಿಗೆಯ ಹಣವನ್ನು ಹೀಗೆ ಸುರಿಯಬೇಕಿತ್ತೇ ಅನ್ನುವ ಟೀಕೆ ಆಗಲೇ ಇತ್ತು. ಟೀಕೆ ನ್ಯಾಯವಾದದ್ದೇ. ಆದರೂ ತೆರಿಗೆ ಕೊಟ್ಟವರು ಮೇಲೆ ಬಂದು ತಮ್ಮ ಊರು ನೋಡಲಿ ಅಂತ ಬಾಗಿಲು ತೆರೆದಿಟ್ಟಿದ್ದಾರಲ್ಲ, ಅದು ನನಗೆ ತುಂಬಾ ಹಿಡಿಸಿತು. ಅವರಿಗಾಗಿ ತೆರೆದ ಬಾಗಿಲಿನಲ್ಲಿ ನಾವೂ ಒಳಗೆ ಹೋದೆವು.

ಇದಕ್ಕೆ ಹೊಂದುವ ಇನ್ನೊಂದು ಜಾಗ ಅದೇ ಟೋಕಿಯೋದಲ್ಲಿದೆ. ಚಕ್ರವರ್ತಿಯ ಅರಮನೆಯ ಪೂರ್ವದ ತೋಟ. ಅದಕ್ಕೂ ಟಿಕೆಟ್ ಇಲ್ಲ. ಹಿಂದೆ ಎದೋ ಕೋಟೆ ಇದ್ದ ಜಾಗ ಅದು. ತೋಟದ ನಡುವೆ ದೊಡ್ಡ ಕಲ್ಲಿನ ಜಗತಿ ಇದೆ. ಹತ್ತಿ ನಿಲ್ಲಬಹುದು, ಆದರೆ ಅದರ ಮೇಲೆ ಏನೂ ಇಲ್ಲ. 1657ರ ಭಾರಿ ಬೆಂಕಿಯಲ್ಲಿ ಊರಿನ ಬಹುಪಾಲಿನ ಜೊತೆ ಕೋಟೆಯ ಮುಖ್ಯ ಗೋಪುರವೂ ಸುಟ್ಟುಹೋಯಿತು. ಜಗತಿಯನ್ನು ಮತ್ತೆ ಕಟ್ಟಿದರು. ಗೋಪುರ ಎಬ್ಬಿಸುವ ಹೊತ್ತಿಗೆ, ಆಡಳಿತದಲ್ಲಿ ದೊಡ್ಡ ಸ್ಥಾನದಲ್ಲಿದ್ದ ಹೊಶಿನಾ ಮಸಾಯುಕಿ, ಗೋಪುರ ಆಮೇಲೆ, ಮೊದಲು ಊರು ಕಟ್ಟೋಣ ಅಂದರು. ಗೋಪುರ ಮತ್ತೆ ಏಳಲೇ ಇಲ್ಲ. ನೋಡಲು ಏನೂ ಇಲ್ಲದ ಆ ಜಗತಿಯ ಮೇಲೆ ನಾವು ತುಂಬಾ ಹೊತ್ತು ಕೂತಿದ್ದೆವು. ಯಾವ ಕೋಟೆಯ ಒಳಗೂ ಅಷ್ಟು ಹೊತ್ತು ಕೂರಲಿಲ್ಲ.

ದುಡ್ಡು ಹೋಗುವುದು ದಾರಿಯಲ್ಲಿ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಜಪಾನಿನ ಊರೊಳಗೆ ಇರುವುದು ಅಷ್ಟು ದುಬಾರಿಯಲ್ಲ. ಒಂದು ಊರಿಂದ ಇನ್ನೊಂದಕ್ಕೆ ಹೋಗುವುದು ದುಬಾರಿ. ಟೋಕಿಯೋದಿಂದ ಕ್ಯೋಟೋಗೆ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಎರಡೂಕಾಲು ಗಂಟೆ, ಸುಮಾರು 14 ಸಾವಿರ ಯೆನ್. ಮೊದಲೆಲ್ಲ ವಿದೇಶಿಯರಿಗೆ ಏಳು ದಿನದ ರೈಲ್ ಪಾಸ್ 29,650 ಯೆನ್‌ಗೆ ಸಿಗುತ್ತಿತ್ತು, ಕಣ್ಣು ಮುಚ್ಚಿ ಕೊಂಡುಕೊಳ್ಳುತ್ತಿದ್ದರು. 2023ರ ಅಕ್ಟೋಬರಿನಲ್ಲಿ ಅದು 50 ಸಾವಿರ ಆಯಿತು. ಈಗ ಟೋಕಿಯೋದಿಂದ ಹಿರೋಶಿಮಾವರೆಗೆ ಹೋಗಿ ವಾಪಸ್ ಬಂದರೂ ಅಷ್ಟಾಗುವುದಿಲ್ಲ. ಹಳೆಯ ವಿಡಿಯೋ ನೋಡಿ ಪಾಸ್ ಕೊಳ್ಳಬೇಡಿ. ರಾತ್ರಿ ಬಸ್ಸು ಇದೆ, ಅಗ್ಗ, ಒಂದು ರಾತ್ರಿಯ ರೂಮ್ ಬಾಡಿಗೆಯೂ ಉಳಿಯುತ್ತದೆ. ಅಕ್ಕನ ಬೆನ್ನುನೋವಿಗೆ ಅದು ಆಗುವ ಮಾತಾಗಿರಲಿಲ್ಲ. ಹಾಗಾಗಿ ನಾವು ಊರುಗಳನ್ನೇ ಕಡಿಮೆ ಮಾಡಿದೆವು. ಟೋಕಿಯೋ, ಕ್ಯೋಟೋ, ಅಲ್ಲಿಂದ ನಾರಾ, ಕೊನೆಗೆ ಹಿರೋಶಿಮಾ. ಒಸಾಕಾ, ಕಾನಾಜಾವಾ, ಹಿಮೇಜಿ ಎಲ್ಲ ಪಟ್ಟಿಯಿಂದ ಹೋದವು. ಬೇಜಾರಾಗಲಿಲ್ಲ. ಒಂದೇ ಬೀದಿಯಲ್ಲಿ ಮೂರು ಸಲ ನಡೆದರೆ ಮೂರನೇ ಸಲ ಕಾಣುವುದೇ ಬೇರೆ.

ಊಟದ ವಿಷಯವನ್ನು ಸಸ್ಯಾಹಾರಿಗಳು ಕೇಳಿಯೇ ಕೇಳುತ್ತಾರೆ. ಅಲ್ಲಿ ಸಾರಿನಂಥ ಹೆಚ್ಚಿನವಕ್ಕೆ ದಾಶಿ ಅನ್ನುವ ತಿಳಿಸಾರೇ ಬುನಾದಿ, ದಾಶಿಗೆ ಸಾಮಾನ್ಯವಾಗಿ ಒಣಮೀನು. ಉದೋನ್ ನೂಡಲ್ಸಿನಲ್ಲಿ ಮೀನಿನ ತುಂಡು ಕಾಣದಿದ್ದರೂ ಸಾರಿನಲ್ಲಿ ಮೀನು ಇರುತ್ತದೆ. ಮೂಲೆಮೂಲೆಯಲ್ಲಿರುವ ಕನ್ವೀನಿಯನ್ಸ್ ಅಂಗಡಿಗಳ ಒನಿಗಿರಿಯಲ್ಲಿ, ಅಂದರೆ ಅನ್ನದ ಉಂಡೆಯಲ್ಲಿ, ಉಪ್ಪು ಹಾಕಿದ ಹುಳಿಹಣ್ಣು, ಅಂದರೆ ಉಮೆಬೋಶಿ ಇಟ್ಟಿದ್ದು ಸಿಗುತ್ತದೆ. ಕಟ್ಟುನಿಟ್ಟಿನವರು ಅದರ ಪೊಟ್ಟಣದ ಹಿಂದೆ ಬರೆದದ್ದನ್ನೂ ಫೋನಿನಲ್ಲಿ ಅನುವಾದಿಸಿ ಓದಬೇಕು. ಅಕ್ಕನಿಗೆ ಅದಕ್ಕಿಂತ ಒಳ್ಳೆಯ ದಾರಿ ಸಿಕ್ಕಿತು. ಸೂಪರ್ ಮಾರ್ಕೆಟ್ಟಿನಲ್ಲಿ ಬೇಯಿಸಿದ ಅನ್ನದ ಡಬ್ಬಿ ಸಿಗುತ್ತದೆ, ಮೈಕ್ರೋವೇವಿನಲ್ಲಿ ಎರಡು ನಿಮಿಷ ಇಟ್ಟರೆ ಸಾಕು. ಸಿಹಿ ಹಾಕದ ಮೊಸರೂ ಸಿಗುತ್ತದೆ. ಮನೆಯಿಂದ ತಂದ ಮೆಂತ್ಯದ ಹಿಟ್ಟು, ಉಪ್ಪಿನಕಾಯಿ ಇತ್ತು. ಸಂಜೆ ಏಳೆಂಟು ಗಂಟೆಯ ಮೇಲೆ ಅದೇ ಅಂಗಡಿಗಳಲ್ಲಿ ಅವತ್ತು ಮಾಡಿದ ತಿನಿಸುಗಳಿಗೆ ಅರ್ಧ ಬೆಲೆಯ ಚೀಟಿ ಅಂಟಿಸುತ್ತಾ ಬರುತ್ತಾರೆ. ಆ ಹೊತ್ತಿಗೆ ಅಲ್ಲಿ ಸೇರುವವರು ಪ್ರವಾಸಿಗರಲ್ಲ. ಒಬ್ಬೊಬ್ಬರೇ ಬದುಕುವ ವಯಸ್ಸಾದವರು, ಕೆಲಸ ಮುಗಿಸಿ ಬಂದ ಹುಡುಗರು.

ಕ್ಯೋಟೋದ ಬಸ್ಸು

ಕ್ಯೋಟೋ 794ರಿಂದ ಸಾವಿರ ವರ್ಷಕ್ಕೂ ಹೆಚ್ಚು ಕಾಲ ರಾಜಧಾನಿ. ಯುದ್ಧದ ಕಾಲದಲ್ಲಿ ಅಣುಬಾಂಬಿನ ಗುರಿಗಳ ಪಟ್ಟಿಯಲ್ಲಿ ಅದೂ ಇತ್ತು. ಅಮೆರಿಕದ ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್ ಹಟ ಹಿಡಿದು ತೆಗೆಸಿದರು. ಹಾಗೆ ಉಳಿದ ಊರು ತನ್ನನ್ನು ತಾನು ಕಾಪಾಡಿಕೊಳ್ಳಲು ಒದ್ದಾಡುವುದು ಬೀದಿಬೀದಿಯಲ್ಲಿ ಕಾಣುತ್ತದೆ. 2007ರಲ್ಲಿ ಅಲ್ಲಿಯ ನಗರಾಡಳಿತ ಊರ ನಡುವಿನ ಕಟ್ಟಡಗಳ ಎತ್ತರವನ್ನು 45 ಮೀಟರಿನಿಂದ 31ಕ್ಕೆ ಇಳಿಸಿತು, ಮಾಳಿಗೆ ಮೇಲಿನ ಜಾಹೀರಾತು ಫಲಕಗಳನ್ನು ತೆಗೆಸಿತು. ಆಸ್ತಿಯ ಬೆಲೆ ಬೀಳುತ್ತದೆ ಅಂತ ಗೊತ್ತಿದ್ದೂ ಊರಿನವರು ಒಪ್ಪಿದ ನಿಯಮ ಅದು. ಈಗ ಬೀದಿಯ ತುದಿಯಲ್ಲಿ ಬೆಟ್ಟ ಕಾಣುತ್ತದೆ. ನಾವು ಫೋಟೋ ತೆಗೆಯುವ ಆ ಬೆಟ್ಟದ ನೋಟಕ್ಕೆ ಬೆಲೆ ಕೊಟ್ಟವರು ಅವರು.

ಒಂದು ಬೆಳಗ್ಗೆ ನಾವು ಕ್ಯೋಟೋ ನಿಲ್ದಾಣದಿಂದ ಕಿಯೋಮಿಜು ದೇವಾಲಯದ ಕಡೆಗೆ ಸಿಟಿ ಬಸ್ ಹತ್ತಿದೆವು. ಊರ ನಡುವಿನ ಭಾಗದಲ್ಲಿ ಎಲ್ಲಿಂದ ಎಲ್ಲಿಗಾದರೂ 230 ಯೆನ್. ಹಿಂದಿನ ಬಾಗಿಲಲ್ಲಿ ಹತ್ತಿ, ಇಳಿಯುವಾಗ ಮುಂದಿನ ಬಾಗಿಲಲ್ಲಿ ಚಾಲಕನ ಪಕ್ಕದ ಡಬ್ಬಕ್ಕೆ ದುಡ್ಡು ಹಾಕಬೇಕು. ಬಸ್ಸು ನಿಲ್ದಾಣದಲ್ಲೇ ತುಂಬಿತ್ತು. ನಿಂತವರ ಕಾಲುಗಳ ನಡುವೆ ಸೂಟ್‌ಕೇಸುಗಳು. ಮೂರೋ ನಾಲ್ಕೋ ನಿಲ್ದಾಣ ದಾಟಿದ ಮೇಲೆ ಒಂದು ಕಡೆ ಬಸ್ಸು ನಿಂತಿತು, ಬಾಗಿಲು ತೆರೆಯಿತು. ಹೊರಗೆ ಒಬ್ಬ ಅಜ್ಜಿ, ಎಂಬತ್ತರ ಮೇಲೆ ವಯಸ್ಸು, ತಳ್ಳುಗಾಡಿಯಂಥ ಒಂದು ಆಸರೆ ಹಿಡಿದು ನಿಂತಿದ್ದರು. ಚಾಲಕ ಮೈಕಿನಲ್ಲಿ ಏನೋ ಹೇಳಿದ, ಬಹುಶಃ ಒಳಗೆ ಸರಿಯಿರಿ ಅಂತ. ಹೆಚ್ಚಿನವರಿಗೆ ಅರ್ಥವಾಗಲಿಲ್ಲ, ಅರ್ಥವಾದವರಿಗೂ ಸರಿಯಲು ಜಾಗ ಇರಲಿಲ್ಲ. ಅಜ್ಜಿ ಒಂದು ಹೆಜ್ಜೆ ಮುಂದೆ ಬಂದು ಒಳಗೆ ನೋಡಿದರು. ಆಮೇಲೆ ಚಾಲಕನಿಗೆ ಹೋಗಿ ಅನ್ನುವಂತೆ ಕೈ ಮಾಡಿ ಹಿಂದೆ ಸರಿದರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ಅದು ಅವರಿಗೆ ಹೊಸದಲ್ಲ ಅಂತ ನೋಡಿದರೆ ಗೊತ್ತಾಗುತ್ತಿತ್ತು.

ಅಕ್ಕ ಕಿಟಕಿಯಿಂದ ಅವರನ್ನೇ ನೋಡುತ್ತಿದ್ದಳು. "ದಸರಾ ಬಂದರೆ ನಮ್ಮ ಬಡಾವಣೆ ಬಸ್ಸೂ ಹಿಂಗೇ ಕಣೇ," ಅಂದಳು. "ನೋಡಕ್ಕೆ ಬಂದೋರು ಕೂತಿರ್ತಾರೆ. ಡಯಾಲಿಸಿಸ್‌ಗೆ ಹೋಗೋರು ಸ್ಟಾಪಲ್ಲಿ ನಿಂತಿರ್ತಾರೆ."

"ನಾವೇನು ಮಾಡಕ್ಕಾಗತ್ತೆ ಅಕ್ಕ, ನಾವೂ ದುಡ್ಡು ಕೊಟ್ಟೇ ಹತ್ತಿದೀವಿ."

"ದುಡ್ಡಿಂದಲ್ಲ. ನಮಗೆ ಇದು ತಪ್ಪಿದರೆ ನಡೀಬಹುದು. ಅವರಿಗೆ ಆಗಲ್ಲ."

ಮುಂದಿನ ನಿಲ್ದಾಣದಲ್ಲಿ ಇಳಿದು ನಡೆದೆವು. ಅಲ್ಲಿಂದಾಚೆಗೆ ಕ್ಯೋಟೋದಲ್ಲಿ ಮೆಟ್ರೋ, ಲೋಕಲ್ ರೈಲು, ಕಾಲು ಇವೇ ನಮ್ಮ ವಾಹನ.

ಈ ಬಸ್ಸಿನ ಗೋಳಿಗೆ ಒಂದು ಹಳೆಯ ಕತೆ ಇದೆ. ಜಪಾನಿನಲ್ಲಿ ಬೀದಿಯ ಮೇಲೆ ವಿದ್ಯುತ್ ಟ್ರಾಮ್ ಮೊದಲು ಓಡಿದ್ದೇ ಕ್ಯೋಟೋದಲ್ಲಿ, 1895ರಲ್ಲಿ. ಆಮೇಲೆ ಊರ ತುಂಬ ಹಳಿ ಹರಡಿತು. ಕಾರುಗಳು ಹೆಚ್ಚಾದ ಮೇಲೆ ಟ್ರಾಮ್ ರಸ್ತೆಗೆ ಅಡ್ಡ ಅನ್ನಿಸಿತು, ನಷ್ಟವೂ ಏರಿತು. ಒಂದೊಂದೇ ದಾರಿ ಮುಚ್ಚುತ್ತಾ ಬಂದು 1978ರಲ್ಲಿ ಪೂರ್ತಿ ನಿಲ್ಲಿಸಿಬಿಟ್ಟರು. ಮೊದಲ ಮೆಟ್ರೋ ಬಂದಿದ್ದು 1981ರಲ್ಲಿ, ಎರಡನೆಯದು 1997ರಲ್ಲಿ. ಎರಡೇ ದಾರಿ. ಕಿಯೋಮಿಜು, ಚಿನ್ನದ ಮಂಟಪ, ಬೆಳ್ಳಿ ಮಂಟಪ, ಜನ ಮುಗಿಬೀಳುವ ಇಂಥ ಯಾವುದರ ಹತ್ತಿರಕ್ಕೂ ಅವು ಹೋಗುವುದಿಲ್ಲ. ಹಾಗಾಗಿ ಇಡೀ ಭಾರ ಬಸ್ಸಿನ ಮೇಲೆ ಬಿತ್ತು. 2024ರಲ್ಲಿ ಜಪಾನಿಗೆ ಬಂದ ವಿದೇಶಿಯರು ಸುಮಾರು 3.7 ಕೋಟಿ. ಅವರಲ್ಲಿ ಎಷ್ಟೊಂದು ಮಂದಿ ಒಂದು ದಿನವಾದರೂ ಕ್ಯೋಟೋದಲ್ಲಿ ಕಳೆಯುತ್ತಾರೆ. ಊರಿನವರು ಆಸ್ಪತ್ರೆಗೆ, ಶಾಲೆಗೆ, ತರಕಾರಿಗೆ ಹೋಗುವ ಬಸ್ಸನ್ನೇ ಅವರೂ ಹತ್ತಬೇಕು.

ನಗರಾಡಳಿತ ಕೈಕಟ್ಟಿ ಕೂತಿಲ್ಲ. ಬಸ್ಸಿಗೆ ಮಾತ್ರ ಇದ್ದ ಅಗ್ಗದ ದಿನದ ಪಾಸನ್ನು 2023ರಲ್ಲಿ ಮಾರುವುದು ನಿಲ್ಲಿಸಿತು. ಈಗ ಮೆಟ್ರೋ, ಬಸ್ಸು ಎರಡಕ್ಕೂ ಸೇರಿ 1,100 ಯೆನ್ನಿನ ಪಾಸು. ಜನ ಮೆಟ್ರೋ ಕಡೆಗೂ ಹೋಗಲಿ ಅಂತ. 2024ರಿಂದ ರಜಾದಿನಗಳಲ್ಲಿ ಪ್ರವಾಸಿಗರಿಗೇ ಅಂತ 500 ಯೆನ್ನಿನ ಬೇರೆ ಬಸ್ಸು ಬಿಟ್ಟಿದ್ದಾರೆ. ತಂಗುವವರ ಮೇಲಿನ ತೆರಿಗೆಯನ್ನು 2026ರ ಮಾರ್ಚಿನಿಂದ ಏರಿಸಿದ್ದಾರೆ. ಐಷಾರಾಮಿ ಹೋಟೆಲಿನಲ್ಲಿ ತಲೆಗೆ ರಾತ್ರಿಗೆ 10 ಸಾವಿರ ಯೆನ್‌ವರೆಗೆ, ನಾವು ಇಳಿದುಕೊಂಡಂಥ ಅಗ್ಗದ ಜಾಗಕ್ಕೆ 200 ಯೆನ್. ಸಿಟಿ ಬಸ್ಸಿನಲ್ಲಿ ಊರಿನವರಿಗೆ ಕಡಿಮೆ, ಹೊರಗಿನವರಿಗೆ ಹೆಚ್ಚು ದರ ಇಡುವ ಯೋಜನೆಯನ್ನೂ ಮುಂದಿಟ್ಟಿದ್ದಾರೆ. ಪ್ರವಾಸಿಗರ ಗುಂಪುಗಳಲ್ಲಿ ಇದನ್ನು ಅನ್ಯಾಯ ಅಂತ ಬೈಯುವವರನ್ನು ನೋಡಿದ್ದೇನೆ. ನನಗೆ ಅನ್ಯಾಯ ಅನ್ನಿಸುವುದಿಲ್ಲ. ಆ ಬಸ್ಸು ನಷ್ಟದಲ್ಲಿ ಓಡಿದ ವರ್ಷಗಳಲ್ಲಿ ಅದನ್ನು ಹೊತ್ತುಕೊಂಡವರು ಆ ಊರಿನವರು. ಅಜ್ಜಿಗೆ ಕೂರಲು ಜಾಗ ಆಗುವುದಾದರೆ ನಾನು ಎರಡರಷ್ಟು ಕೊಡುತ್ತೇನೆ.

ದಾನದ ಬಾಗಿಲುಗಳು, ಬಿಸಿನೀರಿನ ಮನೆ

ಕ್ಯೋಟೋ ನಿಲ್ದಾಣದಿಂದ ಲೋಕಲ್ ರೈಲಿನಲ್ಲಿ ಎರಡೇ ಸ್ಟಾಪ್, ಇನಾರಿ. ಇಳಿದರೆ ಎದುರಿಗೇ ಫುಶಿಮಿ ಇನಾರಿ ದೇವಸ್ಥಾನ. ಕೆಂಪು ಕಮಾನುಗಳ ಸಾಲು ಬೆಟ್ಟದ ಉದ್ದಕ್ಕೂ ಹತ್ತುತ್ತದೆ. ಹಗಲು ರಾತ್ರಿ ತೆರೆದಿರುತ್ತದೆ, ಟಿಕೆಟ್ ಇಲ್ಲ. ಬೆಳಗ್ಗೆ ಆರಕ್ಕೆ ಹೋದರೆ ವಾಕಿಂಗಿಗೆ ಬಂದ ಊರಿನವರು ಸಿಗುತ್ತಾರೆ. ಹತ್ತುವಾಗ ಕಮಾನು ಬರೀ ಕೆಂಪು. ಇಳಿಯುವಾಗ ಅವುಗಳ ಹಿಂಬದಿ ಕಾಣುತ್ತದೆ. ಒಂದೊಂದು ಕಂಬದ ಮೇಲೂ ಕೊಟ್ಟವರ ಹೆಸರು, ಕೊಟ್ಟ ದಿನ. ಕಂಪನಿ, ಅಂಗಡಿ, ಮನೆತನ. ವ್ಯಾಪಾರ ಚೆನ್ನಾಗಿ ಆಗಲಿ ಅಂತ ಬೇಡಿಕೊಂಡವರು, ಆದ ಮೇಲೆ ಹರಕೆ ತೀರಿಸಿದವರು. ಚಿಕ್ಕ ಕಮಾನಿಗೂ ಲಕ್ಷಗಟ್ಟಲೆ ಯೆನ್ ಆಗುತ್ತದೆ. ಮರ ಕೊಳೆತಾಗ ತೆಗೆದು ಹೊಸದು ನಿಲ್ಲಿಸುತ್ತಾರೆ. ನನ್ನ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಬೇರೆಲ್ಲೂ ಸಿಗಲಿಲ್ಲ. ಯಾರು ಕೊಟ್ಟರು ಅನ್ನೋದು ಅಲ್ಲಿ ಕಂಬದ ಮೇಲೇ ಬರೆದಿದೆ.

ನಾವು ಇಳಿದುಕೊಂಡಿದ್ದ ಜಾಗದಲ್ಲಿ ಸ್ನಾನಕ್ಕೆ ಒಂದು ಶವರ್ ಮಾತ್ರ ಇತ್ತು. ದಿನವಿಡೀ ನಡೆದ ಕಾಲಿಗೆ ಅದು ಸಾಲದು. ಬೀದಿಯ ಕೊನೆಯಲ್ಲಿ ಒಂದು ಸೆಂತೋ, ಅಂದರೆ ಬೀದಿಯವರ ಸ್ನಾನದ ಮನೆ. ಇದರ ದರವನ್ನು ಮಾಲೀಕರು ಮನಸ್ಸಿಗೆ ಬಂದಂತೆ ಏರಿಸುವ ಹಾಗಿಲ್ಲ. ಗರಿಷ್ಠ ಎಷ್ಟು ಅಂತ ಪ್ರಾಂತ್ಯದ ಆಡಳಿತ ನಿಗದಿ ಮಾಡುತ್ತದೆ. ಯುದ್ಧದ ನಂತರ ಮನೆಗಳಲ್ಲಿ ಬಚ್ಚಲು ಇಲ್ಲದ ಕಾಲದಲ್ಲಿ ಮಾಡಿದ ಏರ್ಪಾಡು, ಇವತ್ತಿಗೂ ಇದೆ. ಟೋಕಿಯೋದಲ್ಲಿ 2024ರಿಂದ 550 ಯೆನ್. 1968ರ ಸುಮಾರಿಗೆ ದೇಶದಲ್ಲಿ ಹದಿನೆಂಟು ಸಾವಿರದಷ್ಟು ಸೆಂತೋ ಇದ್ದವು, ಈಗ ಎರಡು ಸಾವಿರವೂ ಇಲ್ಲ.

ಹೆಂಗಸರ ಕಡೆ ಬೇರೆ ಬಾಗಿಲು, ಸರಿ. ಆದರೆ ಎಲ್ಲರ ಎದುರು ಮೈಮೇಲೆ ಒಂದು ಎಳೆ ಬಟ್ಟೆಯೂ ಇಲ್ಲದೆ ಇಳಿಯಬೇಕು. ಅಕ್ಕ ಮೊದಲ ಸಂಜೆ ಬರುವುದಿಲ್ಲ ಅಂದಳು, ಎರಡನೆಯ ಸಂಜೆ ಬಂದಳು, ಬಾಗಿಲ ಬಳಿ ಮತ್ತೆ ನಿಂತಳು. ಒಳಗಿದ್ದವರೆಲ್ಲ ಅವಳದೇ ವಯಸ್ಸಿನವರು. ಯಾರೂ ತಲೆ ಎತ್ತಿ ನೋಡಲಿಲ್ಲ. ಅದೇ ಅವಳಿಗೆ ಧೈರ್ಯ ಕೊಟ್ಟಿರಬೇಕು. ಮೊದಲು ಪುಟ್ಟ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಪೂರ್ತಿ ತೊಳೆದುಕೊಳ್ಳಬೇಕು, ಆಮೇಲೆ ತೊಟ್ಟಿ. ಪಕ್ಕದ ಸ್ಟೂಲಿನಲ್ಲಿದ್ದ ಹಿರಿಯರೊಬ್ಬರು ಮಾತಿಲ್ಲದೆ ತಮ್ಮ ಚಿಕ್ಕ ಟವೆಲನ್ನು ಮಡಿಸಿ ತಲೆ ಮೇಲೆ ಇಟ್ಟು ತೋರಿಸಿದರು. ಟವೆಲ್ ನೀರಿಗೆ ತಾಗಬಾರದು. ಅಕ್ಕ ಹಾಗೆಯೇ ಮಾಡಿದಳು. ತೊಟ್ಟಿಯಲ್ಲಿ ಕೂತ ಮೇಲೆ ಅವರು ಅಕ್ಕನ ಮಂಡಿ ತೋರಿಸಿ, ತಮ್ಮ ಮಂಡಿ ತೋರಿಸಿ, ಮುಖ ಕಿವುಚಿದರು. ಅಕ್ಕ ಕನ್ನಡದಲ್ಲೇ, "ಹೂಂ ಕಣ್ರೀ, ಇಬ್ಬರದೂ ಒಂದೇ ಕತೆ," ಅಂದಳು. ಆಮೇಲೆ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ತುಂಬಾ ಮಾತಾಡಿದರು. ಕ್ಯೋಟೋದಲ್ಲಿ ಇದ್ದಷ್ಟು ದಿನ ಅಕ್ಕ ಸಂಜೆ ಆರಾದರೆ ಟವೆಲ್ ಹುಡುಕುತ್ತಿದ್ದಳು.

ದುಡ್ಡು ಕೊಡಲೇಬೇಕಾದ ಕಡೆ ಕೊಟ್ಟೆವು. ಸಾಂಜುಸಾಂಗೆನ್‌ದೋಗೆ 600 ಯೆನ್. ಮರದಲ್ಲಿ ಕಟ್ಟಿದ, 120 ಮೀಟರ್ ಉದ್ದದ ಒಂದೇ ಸಭಾಂಗಣ, ಒಳಗೆ ಕರುಣೆಯ ಬೋಧಿಸತ್ವ ಕನ್ನೋನ್‌ನ ಸಾವಿರದ ಒಂದು ವಿಗ್ರಹ. ಅವುಗಳ ಮುಂದೆ ಕಾವಲಿಗೆ ನಿಂತ ದೇವತೆಗಳಲ್ಲಿ ನಾರಾಯಣ, ಇಂದ್ರ, ಬ್ರಹ್ಮ ಎಲ್ಲರೂ ಇದ್ದಾರೆ. ಗರುಡ ಕೊಳಲು ಊದುತ್ತಾ ನಿಂತಿದ್ದಾನೆ. ಅಕ್ಕ ಚಪ್ಪಲಿ ಬಿಟ್ಟ ಕಾಲಲ್ಲಿ ಆ ತಣ್ಣನೆಯ ಮರದ ನೆಲದ ಮೇಲೆ ಒಬ್ಬೊಬ್ಬರ ಮುಂದೆಯೂ ನಿಂತು ಕೈಮುಗಿದಳು. ಅಗ್ಗದ ಪ್ರವಾಸ ಅಂತ ಇಂಥದ್ದನ್ನು ಬಿಡಬೇಡಿ.

ನಾರಾದ ಮರದ ಜಗಲಿ

ಕ್ಯೋಟೋದಿಂದ ನಾರಾಗೆ ಲೋಕಲ್ ರೈಲಿನಲ್ಲಿ ಸುಮಾರು 700 ಯೆನ್. ಎಲ್ಲರೂ ಜಿಂಕೆಗೆ ಬಿಸ್ಕತ್ ತಿನ್ನಿಸಿ, ತೋದೈಜಿ ದೇವಾಲಯದ ದೊಡ್ಡ ಬುದ್ಧನನ್ನು ನೋಡಿ ವಾಪಸ್ ಹೊರಡುತ್ತಾರೆ. ಬುದ್ಧನಿಗೆ 800 ಯೆನ್, ಕೊಡಬೇಕಾದದ್ದೇ. 752ರಲ್ಲಿ ಆ ವಿಗ್ರಹಕ್ಕೆ ಕಣ್ಣು ಬರೆದವರು ಭಾರತದಿಂದ ಹೋಗಿದ್ದ ಭಿಕ್ಷು ಬೋಧಿಸೇನ. ಅವರ ಕುಂಚಕ್ಕೆ ಉದ್ದುದ್ದ ದಾರ ಕಟ್ಟಿ, ಸೇರಿದ್ದ ಜನ ಅದನ್ನು ಹಿಡಿದು ನಿಂತಿದ್ದರಂತೆ, ಕಣ್ಣು ತೆರೆಸುವ ಪುಣ್ಯದಲ್ಲಿ ಎಲ್ಲರಿಗೂ ಪಾಲು ಸಿಗಲಿ ಅಂತ. ಆದರೆ ಬುದ್ಧನ ಸಭಾಂಗಣಕ್ಕೆ ಬರುವ ಮೊದಲೇ ಮಹಾದ್ವಾರದಲ್ಲಿ ಎರಡು ದ್ವಾರಪಾಲಕರಿದ್ದಾರೆ. 1203ರಲ್ಲಿ ಉಂಕೇಯ್, ಕೈಕೇಯ್ ಮತ್ತು ಅವರ ಶಿಲ್ಪಿಗಳು ಮರದಲ್ಲಿ ಮಾಡಿದ್ದು, ಎತ್ತರ ಎಂಟು ಮೀಟರಿಗೂ ಹೆಚ್ಚು. ಅದು ದಾರಿಯಲ್ಲೇ ಇದೆ, ಟಿಕೆಟ್ ಇಲ್ಲ. ಶಾಲೆ ಮಕ್ಕಳು ಅದರ ಕೆಳಗೇ ಓಡಾಡುತ್ತಾರೆ.

ಅಲ್ಲಿಂದ ಹಿಂದಿನ ದಿಬ್ಬ ಹತ್ತಿದರೆ ನಿಗತ್ಸುದೋ. ದಯವಿಟ್ಟು ಇದನ್ನು ತಪ್ಪಿಸಬೇಡಿ. ಕಂಬಗಳ ಮೇಲೆ ನಿಂತ ಮರದ ಗುಡಿ, ಅದರ ಸುತ್ತ ಅಗಲವಾದ ಜಗಲಿ. ಯಾವ ಹೊತ್ತಿನಲ್ಲೂ ಹತ್ತಬಹುದು. ಪ್ರತಿ ವರ್ಷ ಮಾರ್ಚಿನಲ್ಲಿ ಅದೇ ಜಗಲಿಯ ಮೇಲೆ ಭಿಕ್ಷುಗಳ ಸಹಾಯಕರು ದೊಡ್ಡ ಪಂಜು ಹೊತ್ತು ಓಡುತ್ತಾರೆ, ಕಿಡಿ ಕೆಳಗೆ ನಿಂತವರ ಮೇಲೆ ಉದುರುತ್ತದೆ. 752ರಿಂದ ಒಂದು ವರ್ಷವೂ ತಪ್ಪದೆ ನಡೆದಿದೆ ಅನ್ನುತ್ತಾರೆ. ನಾವು ಹೋದದ್ದು ಸುಮ್ನೆ ಒಂದು ಸಂಜೆ. ಶಾಲೆಯ ಸಮವಸ್ತ್ರದಲ್ಲಿದ್ದ ಒಬ್ಬ ಹುಡುಗ ಜಗಲಿಯ ಮೂಲೆಯಲ್ಲಿ ಪುಸ್ತಕ ಓದುತ್ತಿದ್ದ. ಇಡೀ ನಾರಾ ಕೆಳಗೆ ಹಂಚಿನ ಮಾಡಾಗಿ ಹರಡಿತ್ತು. ಅಷ್ಟು ಹಳೆಯ ಜಾಗದಲ್ಲಿ ಹುಡುಗನೊಬ್ಬ ಹೋಂವರ್ಕ್ ಮಾಡಬಹುದು ಅನ್ನೋದು ನನಗೆ ದೊಡ್ಡ ವಿಷಯ. ಹಗ್ಗ ಕಟ್ಟಿ, ಕಾವಲು ಇಟ್ಟು, ದೂರದಿಂದ ನೋಡಿ ಅಂತ ಹೇಳುವುದು ಸುಲಭವಿತ್ತು.

ಹಿರೋಶಿಮಾದಲ್ಲಿ ಕ್ಯೋಟೋದ ಟ್ರಾಮ್

ಹಿರೋಶಿಮಾದ ಬಗ್ಗೆ ಹೆಚ್ಚು ಬರೆಯಲಾರೆ. ಸ್ಮಾರಕ ಉದ್ಯಾನಕ್ಕೆ ಟಿಕೆಟ್ ಇಲ್ಲ, ವಸ್ತುಸಂಗ್ರಹಾಲಯಕ್ಕೆ 200 ಯೆನ್. ದೇಶದ ಎಲ್ಲ ಕಡೆಯಿಂದ ಶಾಲೆಯ ಮಕ್ಕಳು ಸಾಲಾಗಿ ಬರುತ್ತಾರೆ. 1955ರಲ್ಲಿ ತೆರೆದ ಆ ಕಟ್ಟಡವೂ ಕೆಂಜೋ ತಾಂಗೆಯವರದೇ. ಟೋಕಿಯೋದ 45ನೇ ಮಹಡಿಯಲ್ಲಿ ನಾವು ನಿಂತಿದ್ದು ಅವರ ಕೊನೆಗಾಲದ ಕೆಲಸದಲ್ಲಿ, ಇದು ಅವರ ಮೊದಲ ದೊಡ್ಡ ಕೆಲಸ. ಕಟ್ಟಡವನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸಿ ಅಡಿಯಲ್ಲಿ ಜನ ಓಡಾಡಲು ಬಿಟ್ಟಿದ್ದಾರೆ. ಆ ಕಂಬಗಳ ನಡುವೆ ನಿಂತರೆ ಸ್ಮಾರಕದ ಕಮಾನು, ಅದರೊಳಗಿನಿಂದ ದೂರದಲ್ಲಿ ಬಾಂಬಿಗೆ ಸಿಕ್ಕ ಗುಮ್ಮಟ, ಎಲ್ಲ ಒಂದೇ ಗೆರೆಯಲ್ಲಿ ಕಾಣುತ್ತವೆ. ಒಳಗೆ ನೋಡಿದ್ದರ ಬಗ್ಗೆ ಅಕ್ಕ ಅವತ್ತಿಡೀ ಮಾತಾಡಲಿಲ್ಲ. ನೋಟ್‌ಬುಕ್ಕಿನಲ್ಲಿ ಆ ದಿನದ ಪುಟದಲ್ಲಿ 200 ಅಂತ ಬರೆದು, ಅದರ ಪಕ್ಕ ರೂಪಾಯಿ ಬರೆದಿಲ್ಲ.

ಅಲ್ಲಿ ಓಡಾಡಿದ್ದು ಟ್ರಾಮಿನಲ್ಲಿ. 1945ರ ಆಗಸ್ಟ್ 6ರಂದು ಬಾಂಬ್ ಬಿತ್ತು. ಆಗಸ್ಟ್ 9ಕ್ಕೆ ಆ ಊರಿನ ಟ್ರಾಮ್ ಒಂದು ಚಿಕ್ಕ ದಾರಿಯಲ್ಲಿ ಮತ್ತೆ ಓಡಿತು. ಅಂದು ಸುಟ್ಟುಹೋಗಿ ರಿಪೇರಿಯಾದ ಗಾಡಿಗಳಲ್ಲಿ ಒಂದೆರಡು ಇವತ್ತಿಗೂ ಓಡುತ್ತವೆ. ಬೇರೆ ಊರುಗಳು ಟ್ರಾಮ್ ಕಿತ್ತುಹಾಕಿದಾಗ ಹಿರೋಶಿಮಾ ಕೀಳಲಿಲ್ಲ, ಅವರು ಬೇಡವೆಂದ ಗಾಡಿಗಳನ್ನು ಕೊಂಡು ತಂದಿತು. 1978ರಲ್ಲಿ ಕ್ಯೋಟೋ ಮುಚ್ಚಿದಾಗ ಅಲ್ಲಿಯ ಹದಿನೈದು ಗಾಡಿ ಇಲ್ಲಿಗೆ ಬಂದವು. ಅವುಗಳ ಮೇಲೆ ಹಿಗಾಶಿಯಾಮಾ, ಮೊಮೊಯಾಮಾ ಅಂತ ಕ್ಯೋಟೋದ ಹೆಸರುಗಳೇ ಇವೆ. ಹಸಿರು ಬಿಳಿ ಬಣ್ಣದ ಅಂಥ ಒಂದು ಗಾಡಿ ನಮಗೂ ಸಿಕ್ಕಿತು. ಒಳಗೆ ಸೀಟಿಗೆ ಜಾಗ ಇತ್ತು. ಊರಿನ ಹಿರಿಯರು ಸಂತೆ ಚೀಲ ಹಿಡಿದು ಹತ್ತಿ ಇಳಿಯುತ್ತಿದ್ದರು. ಹಿಗಾಶಿಯಾಮಾ ಅನ್ನುವುದು ನಮ್ಮ ಬಸ್ಸು ಆ ಅಜ್ಜಿಯನ್ನು ಬಿಟ್ಟುಬಂದ ಕ್ಯೋಟೋದ ಪೂರ್ವ ಭಾಗದ ಹೆಸರು. ಐವತ್ತು ವರ್ಷದ ಹಿಂದೆ ಒಂದು ಊರು ತನ್ನ ಖರ್ಚಿನ ಲೆಕ್ಕದಲ್ಲಿ ಬಿಟ್ಟಿದ್ದನ್ನು ಇನ್ನೊಂದು ಊರು ಇನ್ನೂ ಬಳಸುತ್ತಿದೆ. ಇದನ್ನು ಅಕ್ಕನಿಗೆ ಹೇಳಿದಾಗ, ಬ್ಯಾಂಕಿನವಳು ಮೊದಲು ಕೇಳಿದ್ದು, "ಎಷ್ಟಕ್ಕೆ ಮಾರಿದರಂತೆ?"

ನಮ್ಮ ಚಿಕ್ಕಪ್ಪನ ಮಗ ಬರುವ ಏಪ್ರಿಲಿನಲ್ಲಿ ಹೆಂಡತಿ, ಮಗುವಿನ ಜೊತೆ ಹೊರಟಿದ್ದಾನೆ. ಅಕ್ಕನ ನೋಟ್‌ಬುಕ್ ಈಗ ಅವನ ಹತ್ತಿರ ಇದೆ. ಅದರ ಕೊನೆಯ ಪುಟದಲ್ಲಿ ನಾನು ಇಷ್ಟು ಸೇರಿಸಿದ್ದೇನೆ. ಕ್ಯೋಟೋದಲ್ಲಿ ಮೆಟ್ರೋ ಹತ್ತಿರವೇ ರೂಮ್ ಹಿಡಿ, ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಸೂಟ್‌ಕೇಸನ್ನು ಬಸ್ಸಿಗೆ ಹತ್ತಿಸಬೇಡ. ಒಂದು ಹೋಟೆಲಿನಿಂದ ಇನ್ನೊಂದಕ್ಕೆ ಕೊರಿಯರ್ ಮಾಡುವ ವ್ಯವಸ್ಥೆ ಅಲ್ಲಿ ತುಂಬಾ ಚೆನ್ನಾಗಿದೆ, ಎರಡು ಮೂರು ಸಾವಿರ ಯೆನ್, ಮಾರನೆಯ ದಿನ ತಲುಪುತ್ತದೆ. ಕಿಯೋಮಿಜುವಿಗೆ ಕೇಹಾನ್ ರೈಲಿನಲ್ಲಿ ಹೋಗಿ ಕಿಯೋಮಿಜು-ಗೋಜೋ ನಿಲ್ದಾಣದಲ್ಲಿ ಇಳಿದು ನಡೆ, ಮಗುವನ್ನು ಎತ್ತಿಕೊಂಡರೂ ಅರ್ಧ ಗಂಟೆ ಸಾಕು. ಬಸ್ಸು ಹತ್ತಲೇಬೇಕಾಗಿ ಬಂದರೆ ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಬೇಡ, ಆ ಹೊತ್ತಿನಲ್ಲಿ ಊರಿನವರಿಗೆ ಅದು ಬೇಕು.